ಒಕನಾಗನ್ ನದಿಗೆ ಸಾಲ್ಮನ್ ಮರಳಿದ ದಾರಿ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಒಕನಾಗನ್ ನದಿ ದಕ್ಷಿಣಕ್ಕೆ ಹರಿದು, ಗಡಿ ದಾಟಿ, ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕೊಲಂಬಿಯಾ ನದಿಯನ್ನು ಸೇರುತ್ತದೆ. ಈ ಕಣಿವೆಯ ಮೂಲನಿವಾಸಿಗಳು ಸಿಯಿಲ್ಕ್ಸ್ ಜನ. ಸಮುದ್ರದಿಂದ ಪ್ರವಾಹಕ್ಕೆ ಎದುರಾಗಿ ಈಜಿ ಬರುವ ಸಾಲ್ಮನ್ ಮೀನು ಅವರ ಬದುಕಿಗೆ ಆಧಾರವಾಗಿತ್ತು. ಆ ಮೀನಿನ ದಾರಿ ಮುಚ್ಚಿದ ಬಗೆಯಲ್ಲೇ ಈ ಜನರು ಕಳೆದುಕೊಂಡದ್ದರ ಲೆಕ್ಕವೂ ಇದೆ.

ಋತುವಿಗೆ ತಕ್ಕಂತೆ ನೆಲೆ ಬದಲಿಸುವುದು ಸಿಯಿಲ್ಕ್ಸ್ ಜನರ ಕ್ರಮವಾಗಿತ್ತು. ಚಳಿಗಾಲದಲ್ಲಿ ನೆಲವನ್ನು ಅಗೆದು, ಮೇಲೆ ಮರ ಹಾಸಿ ಮಣ್ಣು ಮುಚ್ಚಿದ ಮನೆಗಳಲ್ಲಿ ಇರುತ್ತಿದ್ದರು. ಬೇಸಿಗೆಗೆ ಜೊಂಡಿನ ಚಾಪೆ ಹೊದಿಸಿದ ಬಿಡಾರ. ವಸಂತದಲ್ಲಿ ಹೆಂಗಸರು ಕೋಲಿನಿಂದ ಕಹಿಬೇರು ಕೀಳುತ್ತಿದ್ದರು. ಮುಂದೆ ಸಾಸ್ಕಟೂನ್ ಹಣ್ಣು ಬಿಡಿಸಿ ಒಣಗಿಸುವುದು, ಜಲಪಾತಗಳ ಬಳಿ ಮೀನು ಹಿಡಿಯುವುದು, ಆಮೇಲೆ ಬೆಟ್ಟದಲ್ಲಿ ಜಿಂಕೆ ಬೇಟೆ. ಅವರ ಮೂಲಕಥೆಯಲ್ಲಿ ಕರಡಿ, ಸಾಲ್ಮನ್, ಕಹಿಬೇರು ಮತ್ತು ಸಾಸ್ಕಟೂನ್ ನಾಲ್ವರು ಒಡೆಯರು. ಮುಂದೆ ಬರಲಿರುವ ಮನುಷ್ಯರು ಹೇಗೆ ಬದುಕಬೇಕೆಂದು ಇವರು ಸಭೆ ಸೇರಿ ಚರ್ಚಿಸಿ, ತಮ್ಮನ್ನೇ ಆಹಾರವಾಗಿ ಕೊಡಲು ಒಪ್ಪಿದರಂತೆ. ಉಣ್ಣುವವನಿಗಿಂತ ಉಣಿಸಿದವನನ್ನು ದೊಡ್ಡವನೆಂದು ಕಾಣುವ ಕಥೆ ಇದು. ಹೊಸ ಬೇರಿಗೆ, ಮೊದಲ ಮೀನಿಗೆ ಕೃತಜ್ಞತೆ ಸಲ್ಲಿಸುವ ಆಚರಣೆಗಳು ಇಂದಿಗೂ ನಡೆಯುತ್ತವೆ.

ತುಪ್ಪಳದ ವ್ಯಾಪಾರಿಗಳು 1811ರಲ್ಲಿ ಬಂದರು. 1846ರಲ್ಲಿ ಬ್ರಿಟನ್ ಮತ್ತು ಅಮೆರಿಕ 49ನೇ ಅಕ್ಷಾಂಶವನ್ನು ಗಡಿಯೆಂದು ನಿಗದಿಪಡಿಸಿಕೊಂಡವು; ಒಂದೇ ಭಾಷೆಯ ಒಂದೇ ಬಳಗ ಎರಡು ದೇಶಗಳ ಪಾಲಾಯಿತು. ಉತ್ತರದಲ್ಲಿ ಅವರಿಗೆಂದು ಗುರುತಿಸಿದ್ದ ಮೀಸಲು ಭೂಮಿಯನ್ನು 1865ರಲ್ಲಿ ವಸಾಹತು ಅಧಿಕಾರಿಗಳು ತೀವ್ರವಾಗಿ ಕುಗ್ಗಿಸಿದರು. ಅಲ್ಲಿನ ಸಿಯಿಲ್ಕ್ಸ್ ಜನ ತಮ್ಮ ನೆಲವನ್ನು ಬಿಟ್ಟುಕೊಡುವ ಯಾವ ಒಪ್ಪಂದಕ್ಕೂ ಸಹಿ ಹಾಕಿಲ್ಲ. ಇದನ್ನು ಒತ್ತಿ ಹೇಳಲೇಬೇಕು.

ನದಿಗೆ ಬಿದ್ದ ಪೆಟ್ಟು ಇಪ್ಪತ್ತನೇ ಶತಮಾನದ್ದು. ಮೀನಿಗೆ ಏರುದಾರಿಯೇ ಇಲ್ಲದ ಗ್ರ್ಯಾಂಡ್ ಕೂಲೀ ಅಣೆಕಟ್ಟು ಕೊಲಂಬಿಯಾ ನದಿಯ ಮೇಲ್ಭಾಗಕ್ಕೆ ಸಾಲ್ಮನ್ ಬರುವುದನ್ನು ನಿಲ್ಲಿಸಿತು. ಹಲವು ಬುಡಕಟ್ಟುಗಳು ಒಟ್ಟಾಗಿ ಮೀನು ಹಿಡಿಯುತ್ತಿದ್ದ ಕೆಟಲ್ ಜಲಪಾತ ಮುಳುಗುವ ಮುನ್ನ, 1940ರ ಜೂನ್‌ನಲ್ಲಿ, ಜನ ಅಲ್ಲಿ ಸೇರಿ ಅದಕ್ಕೆ ಕಣ್ಣೀರಿನ ವಿದಾಯ ಹೇಳಿದರು. ಒಕನಾಗನ್ ನದಿಯಲ್ಲೂ ಸಣ್ಣ ಅಣೆಗಳು ಎದ್ದವು. 1950ರ ದಶಕದಲ್ಲಿ ಪ್ರವಾಹ ತಡೆಯಲೆಂದು ನದಿಯ ತಿರುವುಗಳನ್ನು ನೇರ ಮಾಡಿ ಕಾಲುವೆಯಂತಾಗಿಸಿದರು. ಮೊಟ್ಟೆಯಿಡುವ ಜಲ್ಲಿ ಹಾಸುಗಳು ಹಾಳಾದವು.

ಸಿಯಿಲ್ಕ್ಸ್ ಸಮುದಾಯಗಳ ಒಕ್ಕೂಟವಾದ ಒಕನಾಗನ್ ನೇಷನ್ ಅಲಯನ್ಸ್ ಕೈಕಟ್ಟಿ ಕೂರಲಿಲ್ಲ. 2003ರ ಸುಮಾರಿಗೆ, ಒಕನಾಗನ್ ನದಿಯ ಹಾದಿಯಲ್ಲಿರುವ ಸ್ಕಾಹಾ ಸರೋವರಕ್ಕೆ ಸಾಕೈ ಎಂಬ ಜಾತಿಯ ಸಾಲ್ಮನ್ ಮರಿಗಳನ್ನು ಬಿಡುವ ಕೆಲಸ ಆರಂಭವಾಯಿತು. 2009ರಲ್ಲಿ ಅದೇ ನದಿಯ ಮ್ಯಾಕಿಂಟೈರ್ ಅಣೆಯಲ್ಲಿ ಮೀನಿಗೆ ದಾರಿ ತೆರೆಯಿತು. 2014ರಲ್ಲಿ ಕಣಿವೆಯ ಪೆಂಟಿಕ್ಟನ್ ಊರಿನಲ್ಲಿ ಮರಿ ಉತ್ಪಾದನಾ ಕೇಂದ್ರವೂ ಬಂತು. ಕೆಳಗೆ ಕೊಲಂಬಿಯಾದ ಒಂಬತ್ತು ಅಣೆಕಟ್ಟುಗಳನ್ನು ದಾಟಿ ಸಾಕೈ ಮತ್ತೆ ಇಲ್ಲಿಗೆ ಬರುತ್ತಿದೆ, ಕೆಲವು ವರ್ಷ ಲಕ್ಷಗಟ್ಟಲೆ.

ಕೆನಡಾ ಮತ್ತು ಅಮೆರಿಕದ ನಡುವೆ 1964ರಲ್ಲಿ ಜಾರಿಗೆ ಬಂದ ಕೊಲಂಬಿಯಾ ನದಿ ಒಪ್ಪಂದ ವಿದ್ಯುತ್ತು ಮತ್ತು ಪ್ರವಾಹ ನಿಯಂತ್ರಣವನ್ನಷ್ಟೇ ನೋಡಿತು. ಸಾಲ್ಮನ್ ಅದರಲ್ಲಿ ಇರಲಿಲ್ಲ, ಮೂಲನಿವಾಸಿಗಳನ್ನು ಕೇಳಿಯೂ ಇರಲಿಲ್ಲ. ಅದನ್ನು ಪರಿಷ್ಕರಿಸುವ ಮಾತುಕತೆಗಳಲ್ಲಿ 2019ರಲ್ಲಿ ಸಿಯಿಲ್ಕ್ಸ್ ಪ್ರತಿನಿಧಿಗಳಿಗೆ ವೀಕ್ಷಕರ ಸ್ಥಾನ ಸಿಕ್ಕಿತು. ಗ್ರ್ಯಾಂಡ್ ಕೂಲೀಯ ಆಚೆಗೂ ಮೀನು ಮರಳಬೇಕೆಂಬುದು ಅವರ ಬೇಡಿಕೆ.