ಇಟ್ಟಿಗೆಯೊಳಗಿನ ಜನ

ಮಾರಿಯೋ ಆಟದಲ್ಲಿ ಜಿಗಿದು ಗುದ್ದಿ ಒಡೆಯುವ ಇಟ್ಟಿಗೆಗಳು ನೆನಪಿವೆ ಅಲ್ವಾ? ಒಂದು ಕಾಲಕ್ಕೆ ಅವರು ಆ ರಾಜ್ಯದ ಪ್ರಜೆಗಳಾಗಿದ್ದರು. ಖಳನಾಯಕ ಮಾಟ ಮಾಡಿ ಅವರನ್ನು ಕಲ್ಲು, ಇಟ್ಟಿಗೆ, ಗಿಡಗಳಾಗಿ ಮಾಡಿಬಿಟ್ಟ. ಇದು ಯಾರೋ ಹಬ್ಬಿಸಿದ ಗಾಳಿಸುದ್ದಿ ಅಂದುಕೊಳ್ಳಬೇಡಿ, 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದ ಜೊತೆ ಬರುತ್ತಿದ್ದ ಕೈಪಿಡಿಯಲ್ಲೇ ಇದೆ. ಇಂಥ ಹಿಂದಿನ ಕಥೆಯನ್ನು ಹೊಸ ಆಟಗಾರನಿಗೆ ಹೇಗೆ ತಿಳಿಸಬೇಕು ಅನ್ನುವುದೇ ಇಲ್ಲಿನ ಪ್ರಶ್ನೆ.

ತೊಂಬತ್ತರ ದಶಕದಲ್ಲಿ ಟಿವಿ ಗೇಮ್ ಆಡಿ ಬೆಳೆದ ನಮಗೆ ಈ ಕಥೆ ಸಿಗಲೇ ಇಲ್ಲ. ನಮ್ಮ ಕೈಗೆ ಬರುತ್ತಿದ್ದದ್ದು ನಕಲಿ ಕ್ಯಾಸೆಟ್. ಮೇಲೆ 9999 ಆಟ ಎಂದು ಅಚ್ಚಾಗಿರುತ್ತಿತ್ತು, ಒಳಗೆ ಅವೇ ಹತ್ತಿಪ್ಪತ್ತು ಆಟಗಳು ತಿರುಗಾ ಮುರುಗಾ ಬರುತ್ತಿದ್ದವು. ಕೈಪಿಡಿ ಎಲ್ಲಿಂದ ಬರಬೇಕು? ದೊಡ್ಡವನಾದ ಮೇಲೆ ಅದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಎಷ್ಟು ಇಟ್ಟಿಗೆ ಒಡೆದಿದ್ದೆ!

ಕಥೆಯನ್ನು ಆಟದೊಳಗೇ ಯಾಕೆ ಇಡಲಿಲ್ಲ ಅಂದರೆ, ಜಾಗ ಇರಲಿಲ್ಲ. ಇಡೀ ಆಟ 40 ಕಿಲೋಬೈಟಿನದು. ವಾಟ್ಸಾಪಿನಲ್ಲಿ ದಿನಾ ಬರುವ ಶುಭೋದಯದ ಚಿತ್ರವೂ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದಿರುತ್ತದೆ. ಆಮೇಲೆ ಸಿಡಿ ಬಂತು, ಜಾಗ ಸಿಕ್ಕಿತು, ಜೊತೆಗೇ ಒಂದು ಕೆಟ್ಟ ಚಾಳಿಯೂ ಶುರುವಾಯಿತು. ಆಟಕ್ಕೆ ಮುಂಚೆ ಉದ್ದನೆಯ ಪುರಾಣ: ಸಾವಿರ ವರ್ಷಗಳ ಹಿಂದೆ ಇಂಥ ರಾಜನಿದ್ದ, ಅವನಿಗೆ ಇಂಥ ಶತ್ರುವಿದ್ದ. ಆಡಲು ಕೂತ ಹುಡುಗ ಸ್ಕಿಪ್ ಒತ್ತುತ್ತಾನೆ. ಅದನ್ನು ನೋಡಿ 'ಇವರಿಗೆ ಕಥೆ ಎಲ್ಲಿ ಬೇಕು, ಬರೀ ಹೊಡಿ ಬಡಿ ಸಾಕು' ಎನ್ನುವ ದೊಡ್ಡವರನ್ನು ಕಂಡರೆ ನನಗೆ ತಾಳ್ಮೆ ಕೆಡುತ್ತದೆ. ಆ ಹುಡುಗ ಭಾಷಣ ತಪ್ಪಿಸಿಕೊಂಡ, ಅಷ್ಟೇ.

ಅದೇ ಹುಡುಗನನ್ನು 1998ರ ಹಾಫ್-ಲೈಫ್ ಎಂಬ ಗುಂಡು ಹಾರಿಸುವ ಆಟದ ಮುಂದೆ ಕೂರಿಸಿ ನೋಡಿ. ಶುರುವಿನಲ್ಲಿ ಕೈಯಲ್ಲಿ ಬಂದೂಕಿಲ್ಲ, ಎದುರಿಗೆ ಶತ್ರುವಿಲ್ಲ. ನೆಲದಡಿಯ ಪ್ರಯೋಗಾಲಯದೊಳಗೆ ಸುಮಾರು ಐದು ನಿಮಿಷ ಟ್ರಾಮಿನಲ್ಲಿ ಸುಮ್ನೆ ಹೋಗುತ್ತಿರುತ್ತೇವೆ. ಮುಚ್ಚಿದ ಬಾಗಿಲು ಬಡಿಯುತ್ತಾ ನಿಂತ ಕಾವಲುಗಾರ, ಕೆಲಸದಲ್ಲಿ ಮುಳುಗಿದ ಯಂತ್ರಗಳು, ಹಸಿರು ಬಣ್ಣದ ಕೊಳಕು ನೀರು ಕಿಟಕಿಯಾಚೆ ಒಂದೊಂದಾಗಿ ಸರಿದು ಹೋಗುತ್ತವೆ. ಇಳಿದಾಗ ಕಾವಲುಗಾರನೊಬ್ಬ ಹೆಸರು ಹಿಡಿದು ಮಾತಾಡಿಸಿ, ಇವತ್ತು ತಡವಾದ ಹಾಗಿದೆ ಅನ್ನುತ್ತಾನೆ. ನಾವು ಇಲ್ಲಿ ಕೆಲಸ ಮಾಡುವವರು, ಗೌರವ ಇರುವವರು, ಇವತ್ತು ಲೇಟು, ಮತ್ತು ಈ ಜಾಗದಲ್ಲಿ ಏನೋ ಸರಿಯಿಲ್ಲ. ಇಷ್ಟೂ ಗೊತ್ತಾಯಿತು. ಯಾರೂ ಕೂತು ವಿವರಿಸಲಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ನಮ್ಮ ಮನೆಗೆ ಬಂದಿದ್ದ. 2007ರ ಪೋರ್ಟಲ್ ಆಟ ಹಾಕಿಕೊಟ್ಟೆ. ಅದರಲ್ಲಿ ಬೆಳ್ಳಗೆ ಹೊಳೆಯುವ ಪರೀಕ್ಷಾ ಕೋಣೆಗಳು, ಮುದ್ದಾಗಿ ಮಾತಾಡುವ ಒಂದು ಯಂತ್ರದ ದನಿ. ಪರೀಕ್ಷೆ ಮುಗಿಸಿದರೆ ಕೇಕ್ ಕೊಡುತ್ತೇನೆ ಎನ್ನುತ್ತದೆ. ಒಂದು ಕೋಣೆಯಲ್ಲಿ ಗೋಡೆಯ ಫಲಕವೊಂದು ಸರಿಯಾಗಿ ಕೂತಿಲ್ಲ. ಹುಡುಗ ಆ ಸಂದಿಯೊಳಗೆ ನುಗ್ಗಿದ. ಒಳಗೆ ಕತ್ತಲು, ತುಕ್ಕು, ಖಾಲಿ ಡಬ್ಬಿಗಳು. ಗೋಡೆ ಮೇಲೆ ಅಂಗೈ ಗುರುತು, ಕೇಕ್ ಸುಳ್ಳು ಎಂದು ಮತ್ತೆ ಮತ್ತೆ ಗೀಚಿದ ಬರಹ. ಅವನ ಕೈ ನಿಂತಿತು. 'ಮಾಮ, ಇಲ್ಲಿ ಯಾರೋ ಇದ್ರು' ಅಂದ, ಮೆಲ್ಲಗೆ. ಸ್ವಲ್ಪ ಹೊತ್ತು ಬಿಟ್ಟು, 'ತಪ್ಪಿಸ್ಕೊಂಡ್ರಾ?'

ಆ ಕ್ಷಣ ಅವನ ತಲೆಯಲ್ಲಿ ಏನಾಯಿತು ಅನ್ನುವುದೇ ನನಗೆ ಎಲ್ಲಕ್ಕಿಂತ ಇಷ್ಟದ ವಿಷಯ. 1978ರಲ್ಲಿ ನಾರ್ಮನ್ ಸ್ಲಮೆಕ್ಕಾ ಮತ್ತು ಪೀಟರ್ ಗ್ರಾಫ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಸರಳ ಪ್ರಯೋಗ ಮಾಡಿದರು. ಕೆಲವು ಪದಜೋಡಿಗಳನ್ನು ಪೂರ್ತಿ ಕೊಟ್ಟು ಓದಿಸಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, 'ಹಗಲು – ರಾತ್ರಿ'. ಇನ್ನು ಕೆಲವನ್ನು 'ಹಗಲು – ರಾ…' ಎಂದು ಅಷ್ಟಕ್ಕೇ ನಿಲ್ಲಿಸಿ, ಉಳಿದದ್ದನ್ನು ಪ್ರಯೋಗಕ್ಕೆ ಬಂದವರಿಂದಲೇ ತುಂಬಿಸಿದರು. ಆಮೇಲೆ ಕೇಳಿದಾಗ ತಾವೇ ತುಂಬಿದ ಪದಗಳೇ ಜಾಸ್ತಿ ನೆನಪಿದ್ದವು. ಪದ ಅದೇ, ನೆನಪು ಮಾತ್ರ ಬೇರೆ. ಮೇಷ್ಟ್ರು ಬೋರ್ಡ್ ಮೇಲೆ ಬಿಡಿಸಿದ ಲೆಕ್ಕ ಮರೆತುಹೋಗುತ್ತದೆ, ರಾತ್ರಿ ಒದ್ದಾಡಿ ನಾವೇ ಬಿಡಿಸಿದ್ದು ಉಳಿಯುತ್ತದೆ. ಬಸ್ಸಿನಲ್ಲಿ ಪಕ್ಕದವರು ಫೋನಿನಲ್ಲಿ ಜಗಳವಾಡುವಾಗ ಒಂದೇ ಕಡೆಯ ಮಾತು ಕೇಳುತ್ತದಲ್ಲ, ಆಚೆ ಕಡೆಯ ಮಾತನ್ನು ಮನಸ್ಸು ತಾನೇ ಹೊಲಿದುಕೊಳ್ಳುತ್ತದೆ, ಇಳಿಯುವ ಸ್ಟಾಪ್ ಬಂದರೂ ಅದು ತಲೆಯಿಂದ ಹೋಗುವುದಿಲ್ಲ. ಊರಾಚೆ ನಿಂತ ವೀರಗಲ್ಲನ್ನೇ ನೋಡಿ: ಕೆಳಗಿನ ಸಾಲಿನಲ್ಲಿ ದನಗಳು ಮತ್ತು ಬಿಲ್ಲು ಹಿಡಿದವನು, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ. ಕಲ್ಲಿನ ಮೇಲಿನ ಹಳಗನ್ನಡ ಓದಲು ಬಾರದಿದ್ದರೂ ಆ ಗಂಡಸು ಯಾಕೆ ಸತ್ತ ಅಂತ ನಮಗೆ ತಿಳಿಯುತ್ತದೆ. ಕಲ್ಲು ಮೂರು ಚಿತ್ರ ಕೊಟ್ಟಿತು, ಮಧ್ಯದ ಕಥೆ ಕಟ್ಟಿದ್ದು ನಾವು.

ಬಿಟ್ಟ ಜಾಗ ತೀರಾ ದೊಡ್ಡದಾದರೂ ಕಷ್ಟವೇ, 'ರಾ' ಕೂಡ ಕೊಡದೆ ಬರೀ ಚುಕ್ಕಿ ಇಟ್ಟ ಹಾಗೆ. 2011ರ ಡಾರ್ಕ್ ಸೋಲ್ಸ್ ಆಟ ಆ ಅಂಚಿಗೆ ಹೋಗಿ ನಿಂತಿದೆ. ಹಿಂದಿನ ಕಥೆಯ ದೊಡ್ಡ ಪಾಲು ಆಟದಲ್ಲಿ ಸಿಗುವ ಕತ್ತಿ, ಉಂಗುರ, ಬಟ್ಟೆಗಳ ವಿವರಣೆಯ ನಾಲ್ಕು ಸಾಲುಗಳಲ್ಲಿ ಚದುರಿ ಬಿದ್ದಿದೆ. ಅದನ್ನು ರೂಪಿಸಿದ ಹಿಡೆಟಾಕ ಮಿಯಾಝಾಕಿ ಚಿಕ್ಕವರಿದ್ದಾಗ ಸರಿಯಾಗಿ ಅರ್ಥವಾಗದ ಇಂಗ್ಲಿಷ್ ಕಥೆಪುಸ್ತಕಗಳನ್ನು ಹಿಡಿದು ಕೂತು, ತಿಳಿಯದ ಭಾಗವನ್ನು ಊಹೆಯಿಂದ ತುಂಬಿಕೊಳ್ಳುತ್ತಿದ್ದರಂತೆ. ಆ ಆಟವೂ ಹಾಗೇ ಇದೆ.

ಇನ್ನೊಂದು ಪ್ರಶ್ನೆ, 'ಹೊಸ ಆಟಗಾರ' ಅಂದರೆ ಯಾರು? ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಕಂಪನಿ 2020ರಲ್ಲಿ ರಾಜಿ ಎಂಬ ಆಟ ತಂದಿತು. ದಾರಿಯುದ್ದಕ್ಕೂ ಗೋಡೆಗಳ ಮೇಲೆ ದೇವರ ಕಥೆಗಳ ಚಿತ್ರಗಳಿವೆ, ದುರ್ಗೆ ಮತ್ತು ವಿಷ್ಣುವಿನ ದನಿಗಳು ಕಥೆಯನ್ನು ಹೇಳುತ್ತಾ ಹೋಗುತ್ತವೆ. ಸ್ವೀಡನ್ನಿನಲ್ಲಿ ಕೂತು ಆಡುವವರಿಗೆ ಆ ದನಿ ಬೇಕೇ ಬೇಕು. ಚಾಮುಂಡಿ ಬೆಟ್ಟ ಹತ್ತಿ ಬೆಳೆದವರಿಗೆ ದುರ್ಗೆ ಯಾರು ಅಂತ ಹೇಳಬೇಕಾ? ಕೇಳುತ್ತಾ ಕೇಳುತ್ತಾ ನನ್ನ ಕಣ್ಣು ಚಿತ್ರದಿಂದ ಜಾರಿ ಮುಂದಿನ ಬಾಗಿಲನ್ನು ಹುಡುಕುತ್ತಿತ್ತು. ಎರಡನೇ ಸಲ ದನಿ ನಿಲ್ಲಿಸಿ ಆಡಿದೆ. ಆ ಗೋಡೆಗಳ ಮುಂದೆ ಮೊದಲಿಗಿಂತ ಜಾಸ್ತಿ ಹೊತ್ತು ನಿಂತೆ.