ಮೋಸ ಆಗಿದೆ ಸರಿ, ಯಾವ ತಾರೀಕು?

ಅಮೆರಿಕದಲ್ಲಿ ಮನೆ ಹರಾಜಿಗೆ ಬಂದ ಮೇಲೆ ವಕೀಲರನ್ನು ಹುಡುಕಿಕೊಂಡು ಬರುವವರು ಸಾಮಾನ್ಯವಾಗಿ ಹೇಳುವುದು ಒಂದೇ: 'ಬ್ಯಾಂಕ್‌ನವರು ಮೋಸ ಮಾಡಿದ್ದಾರೆ, ಫೆಡರಲ್ (ಕೇಂದ್ರದ) ಕೋರ್ಟಿಗೆ ಹೋಗೋಣ.' ನಾನು ತಿರುಗಿ ಕೇಳುತ್ತೇನೆ: ರಾಜ್ಯದ ಕೋರ್ಟಿನಲ್ಲಿ ಆಗಲೇ ತೀರ್ಪು ಬಂದಿದೆಯಾ?

ಬಂದಿದ್ದರೆ ದಾರಿ ಬಹುತೇಕ ಮುಚ್ಚಿದ ಹಾಗೆ. ರಾಜ್ಯದ ಕೋರ್ಟಿನಲ್ಲಿ ಸೋತವರು ಅದೇ ತೀರ್ಪನ್ನು ಕೆಡವಲು ಫೆಡರಲ್ ಜಿಲ್ಲಾ ಕೋರ್ಟಿಗೆ ಬರುವಂತಿಲ್ಲ. 1923 ಮತ್ತು 1983ರ ಎರಡು ಸುಪ್ರೀಂ ಕೋರ್ಟ್ ಪ್ರಕರಣಗಳಿಂದ ಇದಕ್ಕೆ ರೂಕರ್-ಫೆಲ್ಡ್‌ಮನ್ ಅಂತ ಹೆಸರು. ಮೇಲ್ಮನವಿ ಏನಿದ್ದರೂ ಆ ರಾಜ್ಯದ ಕೋರ್ಟುಗಳಲ್ಲೇ, ಕೊನೆಗೆ ಬೇಕಾದರೆ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ. ಸುಮ್ನೆ ಫೀಸು ಕಟ್ಟಿ ಈ ಗೋಡೆಗೆ ತಲೆ ಚಚ್ಚಿಕೊಳ್ಳುವವರು ಜಾಸ್ತಿ.

ತೀರ್ಪು ಬಂದಿಲ್ಲ ಅಂದುಕೊಳ್ಳೋಣ. ಆಗ ಎದುರಾಗುವುದು ಫೆಡರಲ್ ಕೋರ್ಟಿನ ಸಿವಿಲ್ ದಾವೆಗಳ ನಿಯಮ 9(ಬಿ). ಮೋಸ ಆಯಿತು ಅಂತ ಬರೆದರೆ ಸಾಲದು. ಯಾರು, ಯಾವತ್ತು, ಎಲ್ಲಿ, ಏನು ಹೇಳಿದರು, ಅದು ಹೇಗೆ ಸುಳ್ಳು, ಎಲ್ಲವೂ ದಾವೆಯಲ್ಲೇ ಇರಬೇಕು. 'ಫೋನಿನಲ್ಲಿ ಯಾರೋ ಹೇಳಿದರು' ಅನ್ನುವ ದಾವೆ ವಿಚಾರಣೆಗೂ ಮುಂಚೆಯೇ ವಜಾ ಆಗಬಹುದು.

ತಾರೀಕು ಬ್ಯಾಂಕನ್ನೂ ಬಿಟ್ಟಿಲ್ಲ. 2007ರ ಅಕ್ಟೋಬರ್ 31ರಂದು ಓಹಾಯೋದ ಫೆಡರಲ್ ನ್ಯಾಯಾಧೀಶ ಕ್ರಿಸ್ಟೋಫರ್ ಬಾಯ್ಕೊ ಒಂದೇ ಆದೇಶದಲ್ಲಿ 14 ಫೋರ್‌ಕ್ಲೋಷರ್ (ಸಾಲ ತೀರದ್ದಕ್ಕೆ ಅಡವಿಟ್ಟ ಮನೆಯನ್ನು ಹರಾಜಿಗೆ ತರುವ) ಕೇಸುಗಳನ್ನು ವಜಾ ಮಾಡಿದರು. ಅಲ್ಲಿ ದಾವೆ ಹೂಡಿದ್ದೇ ಡಾಯ್ಚ ಬ್ಯಾಂಕ್ ನ್ಯಾಷನಲ್ ಟ್ರಸ್ಟ್ ಕಂಪನಿ. ಸಾಲ ಕೊಟ್ಟವರು ಬೇರೆ. ಸಾಲಗಳು ಕಟ್ಟುಕಟ್ಟಾಗಿ ಟ್ರಸ್ಟುಗಳಿಗೆ ಮಾರಾಟವಾಗಿದ್ದವು. ದಾವೆ ಹೂಡಿದ ದಿನ ಸಾಲಪತ್ರ, ಅಡಮಾನ ತನ್ನದಾಗಿತ್ತು ಅಂತ ತೋರಿಸಲು ಬ್ಯಾಂಕಿಗೆ ಆಗಲಿಲ್ಲ. ತಮಾಷೆ ಅಲ್ವಾ, ಒಂದು ಕಂತು ತಡವಾದರೆ ದಂಡ ಹಾಕುವವರ ಹತ್ತಿರ ಕಾಗದವೇ ಸರಿಯಿಲ್ಲ! ಆಮೇಲೆ ಇಂಥ ಕೇಸುಗಳಲ್ಲಿ ಸಾಲ ಸಂಸ್ಥೆಗಳ ಸಿಬ್ಬಂದಿ ಓದದೆಯೇ ಸಾವಿರಾರು ಅಫಿಡವಿಟ್‌ಗಳಿಗೆ ಸಹಿ ಹಾಕುತ್ತಿದ್ದ 'ರೋಬೋ ಸೈನಿಂಗ್' ಬಯಲಾಯಿತು. 2012ರಲ್ಲಿ ಮನೆ ಸಾಲದ ಕಂತು ವಸೂಲಿ ಮಾಡುವ ಐದು ದೊಡ್ಡ ಸಂಸ್ಥೆಗಳು ಕೇಂದ್ರ ಸರ್ಕಾರ ಮತ್ತು 49 ರಾಜ್ಯಗಳ ಜೊತೆ ಸುಮಾರು 25 ಬಿಲಿಯನ್ ಡಾಲರಿನ ರಾಜಿಗೆ ಬಂದವು.

ಆದರೆ ಬಾಯ್ಕೊ ಆದೇಶ ಓದಿ ಕುಣಿಯಬೇಡಿ. ಆ ವಜಾ 'ಮತ್ತೆ ಹೂಡಬಹುದು' ಅನ್ನುವ ಬಗೆಯದು. ಕಾಗದ ಸರಿಮಾಡಿಕೊಂಡು ಬ್ಯಾಂಕ್ ಮತ್ತೆ ಬರಬಹುದು, ಸಾಲ ಹಾಗೇ ಇರುತ್ತದೆ. ಕಕ್ಷಿದಾರರಿಗೆ ಸಿಗುವುದು ಸಮಯ. ಆ ಸಮಯದಲ್ಲಿ ನಾನು ಮೊದಲು ಮಾಡಿಸುವ ಕೆಲಸ ಒಂದು ಪತ್ರ. ಕಂತು ವಸೂಲಿ ಮಾಡುವ ಸಂಸ್ಥೆಗೆ, ಅದೇ ಸೂಚಿಸಿದ ವಿಳಾಸಕ್ಕೆ, ಲೆಕ್ಕದಲ್ಲಿ ಏನು ತಪ್ಪಾಗಿದೆ ಅಂತ ಬರೆದು ಕಳಿಸಬೇಕು. ಮನೆ ಸಾಲಗಳ ಬಗೆಗಿನ ಕೇಂದ್ರ ಕಾನೂನಾದ ರೆಸ್ಪಾ ಅಡಿ ಆ ಸಂಸ್ಥೆ ಐದು ಕೆಲಸದ ದಿನಗಳಲ್ಲಿ ಪತ್ರ ತಲುಪಿತು ಅಂತ ತಿಳಿಸಬೇಕು, ಸಾಮಾನ್ಯವಾಗಿ 30 ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು. ಪತ್ರದ ನಕಲು, ಅಂಚೆ ರಸೀದಿ ಇಟ್ಟುಕೊಳ್ಳಿ. ನಾಳೆ ದಾವೆ ಬರೆಯುವಾಗ ನನಗೆ ಬೇಕಾದ ತಾರೀಕು ಅದರ ಮೇಲೇ ಇರುತ್ತದೆ.