ಯಾವ ವರ್ಷದ ಐ7?

ಪ್ಲಸ್ ಟು ಮುಗಿಸಿದ ತಂಗಿಯ ಮಗಳು ಕಾಸರಗೋಡಿನ ಬದಿಯಡ್ಕದಿಂದ ಫೋನ್ ಮಾಡಿದಳು. “ಮಾವ, ಎರಡು ಲ್ಯಾಪ್‌ಟಾಪ್ ನೋಡಿದ್ದೇನೆ, ಎರಡಕ್ಕೂ ಹೆಚ್ಚುಕಡಿಮೆ ಒಂದೇ ಕ್ರಯ. ಒಂದು ಹೊಸ ಸೆಲೆರಾನ್. ಇನ್ನೊಂದು ಯಾವುದೋ ಆಫೀಸಿನಲ್ಲಿ ಬಳಸಿ ಕೊಟ್ಟದ್ದು, ಆದರೆ ಐ7. ಯಾವುದು ತೆಗೊಳ್ಳಲಿ?”

ಸೆಲೆರಾನ್, ಐ7 ಎರಡೂ ಲ್ಯಾಪ್‌ಟಾಪಿನ ಮಿದುಳಾದ ಇಂಟೆಲ್ ಚಿಪ್‌ಗಳ ಹೆಸರು. ಹಳೆಯದರ ಚಿಪ್‌ನ ಪೂರ್ತಿ ನಂಬರ್ ಓದಲು ಹೇಳಿದೆ. ಐ7-7500ಯು.

ಐ7 ಎಂಬುದು ತರಗತಿಯಲ್ಲಿ ಎಷ್ಟನೆಯ ಸ್ಥಾನ ಎಂದಷ್ಟೇ ಹೇಳುತ್ತದೆ. ಯಾವ ತರಗತಿ ಎಂಬುದು ಗೆರೆಯ ಆಚೆಗಿನ ಅಂಕೆಯಲ್ಲಿದೆ. ಇಲ್ಲಿ 7, ಅಂದರೆ 7ನೇ ಪೀಳಿಗೆ, 2016ರ ಚಿಪ್. ಕೋರ್‌ಗಳು, ಅಂದರೆ ಚಿಪ್‌ನೊಳಗೆ ಏಕಕಾಲಕ್ಕೆ ಕೆಲಸ ಮಾಡುವ ಘಟಕಗಳು, ಎರಡೇ. ಮರುವರ್ಷ ಬಂದ ಐ5-8250ಯು ಚಿಪ್‌ನಲ್ಲಿ ನಾಲ್ಕು. ಎರಡಕ್ಕೂ ನಿಗದಿಯಾದ ವಿದ್ಯುತ್ ಮಾತ್ರ 15 ವ್ಯಾಟ್.

ಹಳೆಯದರ ಮೂಲ ವೇಗ 2.7 ಗಿಗಾಹರ್ಟ್ಸ್, ಐ5ರದ್ದು ಬರೇ 1.6. ಅಂಗಡಿಯಲ್ಲಿ ಇದನ್ನು ನೋಡಿ ಮೋಸಹೋಗುವವರು ಬಹಳ. ಚಿಪ್ ತಿನ್ನುವ ವಿದ್ಯುತ್ತು ವೇಗದ ಜೊತೆಗೆ ವೋಲ್ಟೇಜಿನ ವರ್ಗಕ್ಕೂ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೂ) ತಕ್ಕಂತೆ ಏರುತ್ತದೆ, ವೇಗ ಹೆಚ್ಚಬೇಕಾದರೆ ವೋಲ್ಟೇಜನ್ನೂ ಹೆಚ್ಚಿಸಬೇಕು. ಹಾಗಾಗಿ ಕೊನೆಯ ಸ್ವಲ್ಪ ವೇಗಕ್ಕೆ ತೆರುವ ಬಿಸಿಯೇ ಅತಿ ಹೆಚ್ಚು. ಇಬ್ಬರು ಅವಸರದಲ್ಲಿ ಅಡಿಕೆ ಸುಲಿಯುವ ಬದಲು ನಾಲ್ವರು ಸಮಾಧಾನದಿಂದ ಸುಲಿದರೆ ರಾಶಿ ಬೇಗ ಕರಗುತ್ತದಲ್ಲ, ಹಾಗೆ. ಹಂಚಲು ಬಾರದ ಕೆಲಸವಾದರೆ ಈ ಲಾಭವಿಲ್ಲ. ಅದಕ್ಕೆಂದೇ ಐ5 ಬೇಕಾದಾಗ ಸ್ವಲ್ಪ ಹೊತ್ತು 3.4ರವರೆಗೆ ಏರುತ್ತದೆ.

ಹಾಗೆಂದು ಆ ಹೊಸ ಸೆಲೆರಾನ್ ತೆಗೊಳ್ಳಲು ನಾನು ಹೇಳಲಿಲ್ಲ. ಎನ್4020, ಎರಡೇ ಕೋರ್, 4 ಜಿಬಿ ರ‍್ಯಾಮ್ ಬೋರ್ಡಿಗೇ ಬೆಸುಗೆ. ನಾಲ್ಕು ಟ್ಯಾಬ್ ತೆರೆದರೆ ಏದುಸಿರು ಬಿಡುವ ಯಂತ್ರ ಅದು. ಆಮೇಲೆ ರ‍್ಯಾಮ್ ಹಾಕಿಸೋಣವೆಂದರೆ ಜಾಗವೇ ಇಲ್ಲ. ಆಫೀಸಿನಲ್ಲಿದ್ದ ಲ್ಯಾಪ್‌ಟಾಪ್‌ಗಳ ಕೀಬೋರ್ಡು, ಕೀಲು, ಬಿಚ್ಚಿ ರಿಪೇರಿ ಮಾಡಲು ಬರುವ ಮೈಕಟ್ಟು ನನಗೆ ನಿಜವಾಗಿಯೂ ಇಷ್ಟ. “ಅಂಥದ್ದೇ ತೆಗೋ, ಆದರೆ 8ನೇ ಪೀಳಿಗೆಯ ಐ5 ಕೇಳು” ಎಂದೆ. ವಿಂಡೋಸ್ 11 ಅಧಿಕೃತವಾಗಿ ಓಡುವುದು ಸಾಮಾನ್ಯವಾಗಿ ಅಲ್ಲಿಂದ ಈಚೆಗೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಬ್ಯಾಟರಿ ಬೇರೆಯೇ ವಿಷಯ. ಲಿಥಿಯಂ ಬ್ಯಾಟರಿ ಬಳಸದೆ ಇಟ್ಟರೂ ಮುದಿಯಾಗುತ್ತದೆ: ಒಳಗಿನ ಗ್ರಾಫೈಟ್ ಮೇಲೆ ಪದರ ಬೆಳೆದು ಲಿಥಿಯಂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಸಿಯಲ್ಲಿ, ಪೂರ್ತಿ ಚಾರ್ಜ್‌ನಲ್ಲಿ ಇಟ್ಟಷ್ಟೂ ಇದು ಚುರುಕು. ವರ್ಷವಿಡೀ ಆಫೀಸಿನ ಚಾರ್ಜರಿಗೆ ಅಂಟಿಕೊಂಡಿದ್ದ ಲ್ಯಾಪ್‌ಟಾಪಿನ ಪಾಡು ಅದೇ. ಆಟಿಯ ಮಳೆಗೆ ಕರೆಂಟು ಹೋದರೆ ಯಾವಾಗ ಬರುತ್ತದೋ ಎಂದು ಕಾಯುವ ಊರಿನಲ್ಲಿ ಇದನ್ನು ಕಡೆಗಣಿಸಲಾಗದು. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯಬಹುದು: ಹುಟ್ಟಿದಾಗ 50 ವ್ಯಾಟ್-ಅವರ್ ಇದ್ದದ್ದು ಈಗ 25 ಅಂತ ಬಂದರೆ ಹೊಸ ಬ್ಯಾಟರಿಯ ಕ್ರಯವನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

“ಐ7 ಅಗ್ಗಕ್ಕೆ ಕೊಟ್ಟರೆ?” ಎಂದು ಕೇಳಿದಳು. ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವುದು ಕೈಟ್ ಎಂಬ ಸರಕಾರಿ ಸಂಸ್ಥೆಯ ಗ್ನೂ/ಲಿನಕ್ಸ್‌ನಲ್ಲಿ, ಅಂದರೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ತಂತ್ರಾಂಶದಲ್ಲಿ. ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೂ ಅದರ ಪರಿಚಯವಿದೆ. “ನೀನು ಶಾಲೆಯಲ್ಲಿ ಬಳಸಿದ್ದನ್ನೇ ಅದಕ್ಕೆ ಹಾಕಿಕೊಡುತ್ತೇನೆ, ತೆಗೊಂಡು ಬಾ” ಎಂದೆ.